ಬೆರಳು ಸವರಿದರೆ ಓಡುವ ಮೌಸ್: ಕೈಗೆ ಸುಖವೋ, ತ್ರಾಸೋ?



ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಗಣಕಯಂತ್ರದ ಭಾಗಗಳ ಚಿತ್ರ ಬಂದಿತ್ತು. ಚಿತ್ರ ಭಾಳ ಚಂದ ಇತ್ತು. ಆದರೆ ಮೌಸಿನ ಮುಂದೆ ಒಂದೇ ಸಾಲು ಬರೆದಿದ್ದರು: "ಇದು ಪರದೆಯ ಮೇಲಿನ ಬಾಣವನ್ನು ಸರಿಸುವ ಸಾಧನ." ಆ ಒಂದು ಸಾಲು ಸಾಲದು ಎಂದು ನನಗೆ ಅನಿಸಿತು. ಯಾಕಂದ್ರ ನಮ್ಮ ಅಕ್ಕನ ದುಡಿಮೆ ಪೂರಾ ಆ ಮೌಸಿನ ಮ್ಯಾಲೇ ನಿಂತದ. ಅದೂ ಅಲ್ಲದೆ ನಮ್ಮ ಸಾಲಿಯ ಗಣಕಯಂತ್ರಗಳಿಗೆ ಹೊಸ ಮೌಸ್ ತರಬೇಕಾಗಿದೆ. ಎಂಥದು ತರಬೇಕು ಎಂದು ಹೆಡ್ ಮಾಸ್ತರ ಸರ್ ನಮ್ಮ ಏಳನೇ ತರಗತಿಯನ್ನೇ ಕೇಳಿದ್ದಾರೆ. ಆದ್ದರಿಂದ ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಎಲ್ಲರೂ ಓದಿ ನಿಮ್ಮ ಅಭಿಪ್ರಾಯ ಹೇಳಿರಿ.

ಮೌಸ್ ಹುಟ್ಟಿದ್ದು ಹೇಗೆ?

ಮೌಸ್ ಅಂದರೆ ಇಲಿ. ಮೊದಲನೆಯ ಮೌಸನ್ನು ಅಮೆರಿಕದಲ್ಲಿ ಸುಮಾರು 1964ರಲ್ಲಿ ಮಾಡಿದರು. ಅದರ ವಿಚಾರ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬುವವರದು. ಅದನ್ನು ಕೈಯಿಂದ ಕಟ್ಟಿದವರು ಅವರ ಜೊತೆಗಾರ ಬಿಲ್ ಇಂಗ್ಲಿಷ್. ಅದು ಕಟ್ಟಿಗೆಯ ಒಂದು ಸಣ್ಣ ಪೆಟ್ಟಿಗೆ. ಕೆಳಗೆ ಎರಡು ಗಾಲಿ, ಮೇಲೆ ಒಂದೇ ಗುಂಡಿ. ಒಂದು ಗಾಲಿ ಅಡ್ಡ ಸರಿದಿದ್ದನ್ನು, ಇನ್ನೊಂದು ಉದ್ದ ಸರಿದಿದ್ದನ್ನು ತಿಳಿಸುತ್ತಿತ್ತು. ಹಿಂದಿನ ತಂತಿ ಬಾಲದ ಹಾಗೆ ಕಾಣುತ್ತಿತ್ತು, ಅದಕ್ಕೇ ಇಲಿ ಎಂಬ ಹೆಸರು ಬಂತು. 1968ನೇ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ದೊಡ್ಡ ಸಭೆಗೆ ತೋರಿಸಿದರು.

ಆಮೇಲೆ ಗಾಲಿ ಹೋಗಿ ರಬ್ಬರಿನ ಗುಂಡು ಬಂತು. ಗುಂಡಿಗೆ ಧೂಳು ಹತ್ತಿದರೆ ಮೌಸ್ ಅಡಕುತ್ತಿತ್ತು. ಈಗಿನ ಮೌಸಿನ ಕೆಳಗೆ ಗುಂಡು ಇಲ್ಲ, ಬೆಳಕು ಇದೆ. ಬೆಳಕಿನ ಪಕ್ಕದಲ್ಲಿ ಅತಿ ಸಣ್ಣ ಕ್ಯಾಮೆರಾ ಇರುತ್ತದೆ. ಅದು ಮೇಜಿನ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕಿಂತ ಹೆಚ್ಚು ಸಲ ತೆಗೆಯುತ್ತದೆ. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಎಷ್ಟು ಫರಕು ಬಂತೆಂದು ನೋಡಿ ಮೌಸ್ ಯಾವ ಕಡೆ ಸರಿಯಿತು ಎಂದು ಲೆಕ್ಕ ಹಾಕುತ್ತದೆ.

ಟಚ್ ಮೌಸ್ ಅಂದರೇನು?

ನಮ್ಮ ಸಾಲಿಯ ಮೌಸಿಗೆ ಎರಡು ಗುಂಡಿ, ನಡುವೆ ಒಂದು ಗಾಲಿ ಇದೆ. ಗಾಲಿ ತಿರುಗಿಸಿದರೆ ಪುಟ ಮೇಲೆ ಕೆಳಗೆ ಹೋಗುತ್ತದೆ. ಟಚ್ ಮೌಸಿಗೆ ಗಾಲಿ ಇರುವುದಿಲ್ಲ. ಬೆನ್ನು ಪೂರಾ ನುಣುಪು. ಬೆರಳು ಸವರಿದರೆ ಪುಟ ಓಡುತ್ತದೆ. ಆಪಲ್ ಕಂಪನಿಯವರು 2009ರಲ್ಲಿ ಮ್ಯಾಜಿಕ್ ಮೌಸ್ ಎಂಬುದನ್ನು ತಂದರು. ಮೈಕ್ರೋಸಾಫ್ಟ್ ಕಂಪನಿಯ ಟಚ್ ಮೌಸ್ 2011ರಲ್ಲಿ ಬಂತು.

ಇದು ಬೆರಳನ್ನು ಗುರುತಿಸುವುದು ಹೇಗೆ? ನಮ್ಮ ಆಯಿ ಹೊಲಿಯುವ ಕೌದಿ ನೆನಪು ಮಾಡಿಕೊಳ್ಳಿರಿ. ಅದರ ಮೇಲೆ ಅಡ್ಡ ಸಾಲು, ಉದ್ದ ಸಾಲು ಹೊಲಿಗೆ ಇರುತ್ತವೆ. ಟಚ್ ಮೌಸಿನ ಬೆನ್ನಿನ ಒಳಗೂ ಹಾಗೇ ತೆಳುವಾದ ವಿದ್ಯುತ್ ಪಟ್ಟಿಗಳು ಇರುತ್ತವೆ. ಅವುಗಳಲ್ಲಿ ಸ್ವಲ್ಪ ವಿದ್ಯುತ್ತು ತುಂಬಿರುತ್ತದೆ. ನಮ್ಮ ಮೈಯಲ್ಲಿ ನೀರು ಮತ್ತು ಉಪ್ಪು ಇರುವುದರಿಂದ ಮೈಯೂ ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದ ಜಾಗದಲ್ಲಿ ಆ ತುಂಬಿದ ವಿದ್ಯುತ್ತಿನ ಪ್ರಮಾಣ ಜರಾ ಬದಲಾಗುತ್ತದೆ. ಯಾವ ಅಡ್ಡ ಪಟ್ಟಿ, ಯಾವ ಉದ್ದ ಪಟ್ಟಿ ಎಂದು ನೋಡಿದರೆ ಬೆರಳು ಎಲ್ಲಿದೆ ಎಂದು ಗೊತ್ತಾಯಿತು. ಜೋರಾಗಿ ಒತ್ತುವುದು ಬ್ಯಾಡ, ಮುಟ್ಟಿದರೆ ಸಾಕು. ಮೊಬೈಲಿನ ಗಾಜು ಕೆಲಸ ಮಾಡುವುದೂ ಹೀಗೆಯೇ.

ಬಾಳೆಹಣ್ಣಿನ ಪ್ರಯೋಗ

ಇದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ದೊಡ್ಡವರನ್ನು ಕೇಳಿ ಮೊಬೈಲ್ ತೊಗೊಳ್ರಿ. ಒಣಗಿದ ಜೋಳದ ದಂಟಿನಿಂದ ಗಾಜನ್ನು ಸವರಿರಿ. ಏನೂ ಆಗುವುದಿಲ್ಲ. ಈಗ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಅದರ ಬದಿಯಿಂದ ಸವರಿರಿ. ಪುಟ ಓಡುತ್ತದೆ! ಬಾಳೆಹಣ್ಣಿನಲ್ಲಿ ನೀರು ಇದೆ, ಒಣ ದಂಟಿನಲ್ಲಿ ಇಲ್ಲ. ಇಷ್ಟೇ ಕಾರಣ. ಪ್ರಯೋಗ ಮುಗಿದ ಮೇಲೆ ಹಣ್ಣು ತಿನ್ನಬಹುದು, ಆದರೆ ಗಾಜು ಒರೆಸಿ ಇಡಿರಿ.

ನಮ್ಮ ಮುತ್ಯಾ ಒಂದು ಪ್ರಶ್ನೆ ಕೇಳಿದರು: "ರೇಷನ್ ಅಂಗಡ್ಯಾಗ ನನ್ನ ಹೆಬ್ಬಟ್ಟ ತೊಗೊಳ್ಳಂಗಿಲ್ಲ, ಮೊಬೈಲ್ ಹ್ಯಾಂಗ ತೊಗೋತದ?" ಇದು ಒಳ್ಳೆಯ ಪ್ರಶ್ನೆ. ರೇಷನ್ ಯಂತ್ರ ಬೆರಳಿನ ಗೆರೆಗಳನ್ನು ಓದುತ್ತದೆ. ಹೊಲದಲ್ಲಿ ದುಡಿದು ಮುತ್ಯಾನ ಗೆರೆ ಸವೆದಿವೆ. ಟಚ್ ಮೌಸ್, ಮೊಬೈಲ್ ಗಾಜು ಗೆರೆ ನೋಡುವುದಿಲ್ಲ, ಬೆರಳು ಇದೆಯೋ ಇಲ್ಲವೋ ಅಷ್ಟೇ ನೋಡುತ್ತವೆ. ಆದರೂ ಚರ್ಮ ಭಾಳ ಒಣಗಿ ದಪ್ಪ ಆಗಿದ್ದರೆ ಅವಕ್ಕೂ ಬೆರಳು ಸರಿಯಾಗಿ ತಿಳಿಯುವುದಿಲ್ಲ. ಮುತ್ಯಾ ಎರಡು ಮೂರು ಸಲ ಸವರಬೇಕಾಗುತ್ತದೆ.

ಅಕ್ಕನ ಅಂಗಡಿಯಲ್ಲಿ ನೋಡಿದ್ದು

ನಮ್ಮ ಅಕ್ಕ ದಿನಾ ಕಮಲಾಪುರದಿಂದ ಬಸ್ಸಿಗೆ ಕಲಬುರಗಿಗೆ ಹೋಗಿ ಬರುತ್ತಾಳೆ. ಅಲ್ಲಿ ಒಂದು ಅಂಗಡಿಯಲ್ಲಿ ಜನರ ಅರ್ಜಿ ತುಂಬುವುದು ಅವಳ ಕೆಲಸ. ಸ್ಕಾಲರ್‌ಶಿಪ್, ಜಾತಿ ಪ್ರಮಾಣಪತ್ರ, ಪಹಣಿ, ಎಲ್ಲಾ ಗಣಕಯಂತ್ರದಲ್ಲಿಯೇ. ಒಂದೊಂದು ಅರ್ಜಿಗೂ ಹತ್ತಾರು ಸಲ ಮೌಸ್ ಒತ್ತಬೇಕು. ಹೋದ ವರ್ಷದಿಂದ ಅವಳ ಬಲಗೈ ಬೆರಳು ರಾತ್ರಿ ಜುಮುಜುಮು ಅನ್ನಲು ಹತ್ತಿದವು. ರೊಟ್ಟಿ ಬಡಿಯಲು ಕುಳಿತರೆ ಎರಡನೇ ರೊಟ್ಟಿಗೇ ಕೈ ಬಿಟ್ಟು ಏಳುತ್ತಿದ್ದಳು. ಡಾಕ್ಟರು ನೋಡಿ, "ಮಣಿಕಟ್ಟಿನೊಳಗಿನ ನರಕ್ಕೆ ಒತ್ತಡ ಬೀಳ್ತಾ ಅದ, ಕೈ ನೆಟ್ಟಗ ಇಟ್ಟು ಕೆಲಸ ಮಾಡು" ಎಂದರು. ಅಕ್ಕನ ಪಗಾರದಲ್ಲಿಯೇ ನನ್ನ ಮತ್ತು ತಮ್ಮನ ಪುಸ್ತಕ ಬರುತ್ತವೆ. ಅವಳು ಕೆಲಸ ಬಿಟ್ಟರೆ ಹ್ಯಾಂಗ ಎಂದು ಅವ್ವ ಚಿಂತಿ ಮಾಡಿದಳು.

ಆಗ ಅಂಗಡಿಯ ಮಾಲಕರು ಕರುಣೆಯಿಂದ ಒಂದು ಟಚ್ ಮೌಸ್ ತಂದುಕೊಟ್ಟರು. ಗಾಲಿ ತಿರುಗಿಸುವುದು ಇಲ್ಲ ಅಂದರೆ ಕೈಗೆ ಆರಾಮ ಎಂದು ಅವರ ವಿಚಾರ. ಬ್ಯಾಸಗಿ ರಜೆಯಲ್ಲಿ ನಾನು ನಾಲ್ಕು ದಿನ ಅಕ್ಕನ ಜೊತೆ ಹೋಗಿ ಬಾಜೂಕ ಕುಳಿತು ನೋಡಿದೆನು. ನೋಡಿದ್ದು ಇಷ್ಟು:

1. ಬೆರಳು ಊರಿ ಕೂಡುವ ಹಾಗಿಲ್ಲ. ನಾವು ಸುಮ್ಮನೆ ಬೆರಳು ಇಟ್ಟು ವಿಚಾರ ಮಾಡುತ್ತೇವಲ್ಲ, ಆಗ ಬೆರಳು ಜರಾ ಜಾರಿದರೂ ಪುಟ ಸರಿದು ಹೋಗುತ್ತದೆ. ಅದಕ್ಕೆ ಅಕ್ಕ ಬೆರಳು ಮೇಲಕ್ಕೆ ಎತ್ತಿಕೊಂಡೇ ಕೂಡುತ್ತಿದ್ದಳು. ಸಂಜೆಗೆ ಮುಂಗೈಯ ಮೇಲೆ ಹೊಸ ನೋವು ಬಂತು. ಕೈ ಎತ್ತಿ ನಿಲ್ಲುವ ಶಿಕ್ಷೆ ನಮಗೆ ಗೊತ್ತೇ ಅದ. ಅದೇ ಇದು, ಬೆರಳಿಗೆ.

2. ಬಲಗಡೆ ಒತ್ತುವುದು ಕಷ್ಟ. ಗುಂಡಿ ಬೇರೆ ಬೇರೆ ಇಲ್ಲ. ಬೆರಳು ಯಾವ ಕಡೆ ಇದೆ ಎಂದು ನೋಡಿ ಆ ಮೌಸ್ ತೀರ್ಮಾನ ಮಾಡುತ್ತದೆ. ಎಡಬೆರಳು ಎತ್ತಿಯೇ ಬಲಬೆರಳು ಒತ್ತಬೇಕಾಯಿತು.

3. ಬೆವರು. ಕಲಬುರಗಿಯ ಬಿಸಿಲು ನಿಮಗೆ ಹೇಳುವುದು ಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬೆವರೆಂದರೆ ಉಪ್ಪು ನೀರು, ಅದೂ ವಿದ್ಯುತ್ ವಾಹಕ. ಬೆವರಿನ ಹನಿ ಬಿದ್ದರೆ ಮೌಸಿಗೆ ಅದೂ ಒಂದು ಬೆರಳು ಎಂದೇ ಅನಿಸಬಹುದು. ಮಧ್ಯಾಹ್ನ ಫ್ಯಾನು ನಿಂತಾಗ ಪುಟ ತಾನೇ ಕುಣಿಯುತ್ತಿತ್ತು.

4. ತಟ್ಟೆಯ ಹಾಗೆ ತೆಳು. ಮ್ಯಾಜಿಕ್ ಮೌಸಿನ ಎತ್ತರ ಕೇವಲ 2.16 ಸೆಂಟಿಮೀಟರ್. ನಮ್ಮ ಸಾಲಿಯ ಮೌಸನ್ನು ನಾನು ಸ್ಕೇಲಿನಿಂದ ಅಳೆದೆ, ಮೂರೂವರೆ ಸೆಂಟಿಮೀಟರ್ ಮೇಲಿದೆ. ತೆಳು ಇದ್ದರೆ ನೋಡಲು ಚಂದ, ಆದರೆ ಅಂಗೈಗೆ ಆಸರೆ ಸಿಗುವುದಿಲ್ಲ.

5. ತಂತಿ ಇಲ್ಲದ ಮೌಸಿಗೆ ಬ್ಯಾಟರಿ ಬೇಕು. 2015ರಲ್ಲಿ ಬಂದ ಎರಡನೇ ಮ್ಯಾಜಿಕ್ ಮೌಸಿಗೆ ಚಾರ್ಜಿನ ತೂತು ಹೊಟ್ಟೆಯ ಕೆಳಗೆ ಇದೆ. ಅಂಗಾತ ಮಲಗಿಸಿಯೇ ಚಾರ್ಜ್ ಮಾಡಬೇಕು, ಆಗ ಕೆಲಸ ನಿಂತಂತೆಯೇ. ತಂತಿ ಮೌಸಿಗೆ ಈ ತಕಲೀಫು ಇಲ್ಲ, ಅದು ಗಣಕಯಂತ್ರದಿಂದಲೇ ವಿದ್ಯುತ್ತು ತೊಗೊಳ್ಳುತ್ತದೆ.

ಹಾಗಾದರೆ ಟಚ್ ಮೌಸ್ ಕೆಟ್ಟದ್ದೇ?

ಅಲ್ಲ. ಒಳ್ಳೆಯ ಗುಣಗಳನ್ನೂ ಹೇಳಬೇಕು. ಗಾಲಿ ಇಲ್ಲದ್ದರಿಂದ ಸಂದಿಯಲ್ಲಿ ಧೂಳು, ಕೂದಲು ಸಿಕ್ಕುವುದಿಲ್ಲ. ಅರಿವೆಯಿಂದ ಒರೆಸಿದರೆ ಸಾಫ್. ಉದ್ದನೆಯ ಪುಟ ಓದುವವರಿಗೆ ಬೆರಳು ಒಮ್ಮೆ ಸವರಿದರೆ ಪುಟ ದೂರ ಓಡುತ್ತದೆ. ಚಿತ್ರವನ್ನು ನಾಲ್ಕೂ ದಿಕ್ಕಿಗೆ ಸರಿಸಬಹುದು. ಎಡಕ್ಕೂ ಬಲಕ್ಕೂ ಆಕಾರ ಒಂದೇ ಇದ್ದರೆ ನಮ್ಮ ತರಗತಿಯ ಎಡಚ ಗೆಳೆಯರಿಗೂ ಅನುಕೂಲ. ಅಂಗಡಿಯಲ್ಲಿ ಮದುವೆ ಕಾರ್ಡಿನ ಚಿತ್ರ ತೆಗೆಯುವ ಅಣ್ಣಾವರಿಗೆ ಅದೇ ಮೌಸ್ ಮನಸ್ಸಿಗೆ ಬಂತು. ಈಗ ಅದು ಅವರ ಮೇಜಿನ ಮೇಲಿದೆ. ಅಂದರೆ ವಸ್ತು ಒಂದೇ, ಕೆಲಸ ಬೇರೆ ಆದರೆ ಸುಖವೂ ಬೇರೆ.

ಕೈ ಉಳಿಸಿಕೊಳ್ಳುವುದು ಹೇಗೆ?

ಮಣಿಕಟ್ಟಿನಲ್ಲಿ ಎಲುಬು ಮತ್ತು ಗಟ್ಟಿ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳುಗಳನ್ನು ಮಡಚುವ ನಾರುಗಳು ಮತ್ತು ಒಂದು ನರ ಅದರೊಳಗಿಂದ ಹೋಗುತ್ತವೆ. ಕೈ ಮೇಲಕ್ಕೋ ಕೆಳಕ್ಕೋ ಬಾಗಿಸಿ ಹಿಡಿದರೆ ಆ ದಾರಿಯಲ್ಲಿ ಒತ್ತಡ ಹೆಚ್ಚಾಗುತ್ತದೆ. ಅದಕ್ಕೆ ಅಕ್ಕ ಈಗ ಹೀಗೆ ಮಾಡುತ್ತಾಳೆ. ಕುರ್ಚಿಯ ಮೇಲೆ ಕೌದಿ ಮಡಚಿ ಹಾಕಿ ಎತ್ತರ ಮಾಡಿಕೊಂಡಿದ್ದಾಳೆ, ಇದರಿಂದ ಮೊಣಕೈ ಮೇಜಿನ ಸಮಕ್ಕೆ ಬಂದಿದೆ. ಮೌಸನ್ನು ಕೀಲಿಮಣೆಯ ಹತ್ತಿರ ಎಳೆದುಕೊಂಡಿದ್ದಾಳೆ. ಒಂದು ಕಾಲಂನಿಂದ ಇನ್ನೊಂದಕ್ಕೆ ಹೋಗಲು ಮೌಸ್ ಮುಟ್ಟದೆ ಟ್ಯಾಬ್ ಕೀಲಿ ಒತ್ತುತ್ತಾಳೆ. ಒಬ್ಬರ ಅರ್ಜಿ ಮುಗಿದ ಕೂಡಲೇ ಕೈ ಝಾಡಿಸಿ, ನೀರು ಕುಡಿದು, ಮುಂದಿನವರನ್ನು ಕರೆಯುತ್ತಾಳೆ. ನೋವು ಪೂರಾ ಹೋಗಿಲ್ಲ. ಆದರೆ ರಾತ್ರಿ ಜುಮುಜುಮು ಕಡಿಮೆ ಆಗಿದೆ, ಐದು ರೊಟ್ಟಿ ಬಡಿಯುತ್ತಾಳೆ. ಕೆಲಸ ಉಳಿದಿದೆ.

ನಮ್ಮ ಸಾಲಿಗೆ ಯಾವುದು ಬೇಕು?

ನನ್ನ ಅಭಿಪ್ರಾಯ ಇಷ್ಟು. ನಾವು ಇನ್ನೂ ಕಲಿಯುವವರು. ಒತ್ತಿದಾಗ ಟಕ್ ಎಂದು ಬೆರಳಿಗೆ ತಿಳಿಯುವ ಗುಂಡಿ ನಮಗೆ ಬೇಕು. ನಮ್ಮಲ್ಲಿ ಬಿಸಿಲೂ ಇದೆ, ಕರೆಂಟು ಹೋಗುವುದೂ ಇದೆ. ಆದ್ದರಿಂದ ಗಾಲಿ ಇರುವ, ತಂತಿ ಇರುವ ಸಾದಾ ಮೌಸ್ ಸಾಕು. ಅದರಲ್ಲಿ ಒಂದಾದರೂ ಸಣ್ಣ ಆಕಾರದ್ದು ಇರಲಿ, ಯಾಕಂದ್ರ ನಾಲ್ಕನೇ ತರಗತಿಯ ಮಕ್ಕಳ ಕೈ ಸಣ್ಣವು. ಎಡ ಬಲ ಎರಡೂ ಕಡೆ ಒಂದೇ ಆಕಾರ ಇರಲಿ. ಎಡಚರು ಕುಳಿತಾಗ ಗುಂಡಿಗಳನ್ನು ಅದಲು ಬದಲು ಮಾಡುವ ಸೌಕರ್ಯ ಗಣಕಯಂತ್ರದಲ್ಲಿಯೇ ಇದೆ, ಗುರುಗಳು ಅದನ್ನು ಎಲ್ಲರಿಗೂ ತೋರಿಸಬೇಕೆಂದು ವಿನಂತಿ. ಮೌಸಿನ ಜೊತೆಗೆ ಬೆಂಚಿನ ಎತ್ತರವನ್ನೂ ನೋಡಬೇಕು. ಈಗಿನ ಬೆಂಚಿನ ಮೇಲೆ ಕುಳಿತರೆ ಸಣ್ಣವರ ಮೊಣಕೈ ಮೇಜಿಗಿಂತ ಒಂದು ಗೇಣು ಕೆಳಗೆ ಉಳಿಯುತ್ತದೆ.

ಅಂಗಡಿಗೆ ಹೋದಾಗ ಹೊಸದು ಯಾವುದು ಎಂದು ಕೇಳುವ ಮೊದಲು ಒಂದು ಕೆಲಸ ಮಾಡಿರಿ. ಮೌಸನ್ನು ಹಿಡಿದು, ಕಣ್ಣು ಮುಚ್ಚಿ, ನೂರರವರೆಗೆ ಎಣಿಸಿರಿ. ಅಷ್ಟರೊಳಗ ಬೆರಳು ತ್ರಾಸು ಅಂದರೆ, ಅದು ನಿಮ್ಮ ಕೈಗೆ ಮಾಡಿದ್ದಲ್ಲ.

— ಏಳನೇ ತರಗತಿ