ಸಾಲದ ಲೆಕ್ಕ ಒಬ್ಬರೇ ಹೊರಬೇಡಿ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಅಟ್ಟದಲ್ಲಿರಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ನನ್ನ ಕೊಬ್ಬರಿ ಅಟ್ಟದಲ್ಲೇ ಉಳಿಯಿತು. ಬಡ್ಡಿ ಮಾತ್ರ ನಿಲ್ಲಲಿಲ್ಲ.

ಸರ್ಕಾರಿ ದಾಖಲೆಯಂತೆ ದೇಶದಲ್ಲಿ 2019ರಲ್ಲಿ 1,39,123, 2020ರಲ್ಲಿ 1,53,052, 2021ರಲ್ಲಿ 1,64,033 ಮಂದಿ ಆತ್ಮಹತ್ಯೆ ಮಾಡಿಕೊಂಡರು. 2021ರಲ್ಲಿ ನಾಲ್ವರಲ್ಲಿ ಒಬ್ಬರು ದಿನಗೂಲಿಯವರು. ಇದಕ್ಕೆ ಒಂದೇ ಕಾರಣ ಇರೋದಿಲ್ಲ. ದುಡಿಮೆ ನಿಂತು, ಸಾಲ ಬೆಳೆದು, ಹೇಳಿಕೊಳ್ಳಲು ಯಾರೂ ಇಲ್ಲದಾಗ ಮನಸ್ಸು ಕುಸಿಯುತ್ತದೆ.

ಪಕ್ಕದ ತೋಟದವರು ಊಟ ಬಿಟ್ಟು ಕೂತಿದ್ದರು. "ಯಾಕಣ್ಣ, ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?" ಅಂತ ನೇರ ಕೇಳಿದೆ. ಅತ್ತುಬಿಟ್ಟರು. ಇಬ್ಬರೂ ಕೂತು ಸಾಲದ ಪಟ್ಟಿ ಬರೆದೆವು; ಬ್ಯಾಂಕಿಗೂ ಡಾಕ್ಟರ ಹತ್ತಿರಕ್ಕೂ ಜೊತೆಗೇ ಹೋದೆವು. ಈಗ ತೋಟ ನೋಡಿಕೊಂಡಿದ್ದಾರೆ.

ಕೇಳಿದರೆ ಆ ಯೋಚನೆ ಹೆಚ್ಚುತ್ತದೆ ಅನ್ನೋದು ತಪ್ಪು. ಕೇಳಿ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.