ಪರದೆಯ ಮೇಲೆ ಹದಿನಾರು ಕಪ್ಪು ಚೌಕ

ವಿಜ್ಞಾನ ವಸ್ತುಪ್ರದರ್ಶನದ ಕಾಲ ಬಂತೆಂದರೆ ಹೊರಮಾವು, ರಾಮಮೂರ್ತಿನಗರ, ಕೆ.ಆರ್. ಪುರದ ಕಡೆಯ ಅನೇಕ ಮನೆಗಳಲ್ಲಿ ರಾತ್ರಿ ಹತ್ತು ಹೊಡೆದರೂ ದೀಪ ಆರುವುದಿಲ್ಲ. ಊಟದ ಮೇಜಿನ ಮೇಲೆ ತಟ್ಟೆ ಇಡುವ ಜಾಗದಲ್ಲಿ ಬಣ್ಣ ಬಣ್ಣದ ತಂತಿಗಳ ಗೊಂಚಲು. ಈಗಿನ ಮಕ್ಕಳಿಗೆ ಥರ್ಮೋಕೋಲಿನ ಜ್ವಾಲಾಮುಖಿ ರುಚಿಸುವುದಿಲ್ಲ. ಗುಟ್ಟಿನ ಸಂಖ್ಯೆ ಒತ್ತಿದರೆ ತೆರೆದುಕೊಳ್ಳುವ ಬೀಗ, ಹಾಜರಿ ಹಾಕುವ ಪೆಟ್ಟಿಗೆ, ಮಾದರಿ ಮತಯಂತ್ರ, ಇಂಥವೇ ಬೇಕು. ಇವೆಲ್ಲದರ ಒಳಗೂ ಇರುವುದು ಮೂರೇ ವಸ್ತು: ಒತ್ತಲು ಒಂದು ಕೀಪ್ಯಾಡ್, ಓದಲು ಒಂದು ಡಿಸ್‌ಪ್ಲೇ, ನಡುವೆ ಲೆಕ್ಕ ನೋಡಿಕೊಳ್ಳಲು ಒಂದು ಮೈಕ್ರೋಕಂಟ್ರೋಲರ್.

ಜೋಡಿಸುವುದು ಒಂದು ಸಂಜೆಯ ಕೆಲಸ. ಆದರೆ ಸ್ವಿಚ್ ಹಾಕಿದಾಗ ‘ವೆಲ್‌ಕಮ್’ ಎಂದು ಬರಬೇಕಾದಲ್ಲಿ ಹದಿನಾರು ಕಪ್ಪು ಚೌಕಗಳು ಸಾಲಾಗಿ ನಿಂತಿರುತ್ತವೆ. ಮರುದಿನ ಬೆಳಿಗ್ಗೆ ನನ್ನ ಹತ್ತಿರ ಬಂದು ಹೇಳುವ ಮಾತೂ ಒಂದೇ: “ಸಾರ್, ಡಿಸ್‌ಪ್ಲೇ ಹೋಗಿದೆ.”

ಡಿಸ್‌ಪ್ಲೇ ಹೋಗಿರುವುದಿಲ್ಲ. ನೂರಕ್ಕೆ ತೊಂಬತ್ತು ಸಲ ಹೋಗಿರುವುದಿಲ್ಲ ಎಂದು ನನ್ನ ಅನುಭವದಿಂದ ಹೇಳಬಲ್ಲೆ. ಆದರೂ ಪಾಪ, ಅಪ್ಪ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು ತರುತ್ತಾರೆ. ಅದರಲ್ಲೂ ಅದೇ ಚೌಕಗಳು. ಮೂರನೆಯ ದಿನ ‘ರೆಡಿಮೇಡ್ ಪ್ರಾಜೆಕ್ಟ್’ ಮಾರುವ ಅಂಗಡಿಯಿಂದ ಸಿದ್ಧವಾದ ಪೆಟ್ಟಿಗೆ ಮನೆಗೆ ಬರುತ್ತದೆ. ಪ್ರದರ್ಶನದಲ್ಲಿ ಅದು ಮಿನುಗುತ್ತದೆ, ಬಹುಮಾನವೂ ಬರಬಹುದು. ಆದರೆ ತೀರ್ಪುಗಾರರು ಒಂದು ತಂತಿ ತೋರಿಸಿ “ಇದು ಏನಪ್ಪಾ?” ಎಂದರೆ ಹುಡುಗ ಅಪ್ಪನ ಮುಖ ನೋಡುತ್ತಾನೆ. ನಷ್ಟ ಆದದ್ದು ಹಣವೊಂದೇ ಅಲ್ಲ. ‘ಇದು ನನ್ನ ಕೈಯಲ್ಲಿ ಆಗುವ ವಿದ್ಯೆ ಅಲ್ಲ’ ಎಂದು ಹದಿನಾಲ್ಕು ವರ್ಷದ ಹುಡುಗ ತನಗೆ ತಾನೇ ತೀರ್ಮಾನಿಸಿಬಿಟ್ಟ, ಅದೂ ಎರಡು ರೂಪಾಯಿಯ ಒಂದು ತಂತಿಯ ದೆಸೆಯಿಂದ.

ಹಾಗಾದರೆ ಆ ಕಪ್ಪು ಚೌಕಗಳು ಏನು ಹೇಳುತ್ತಿವೆ? ನಿಜವಾಗಿ ಅವು ಒಳ್ಳೆಯ ಸುದ್ದಿ. ಸಾಮಾನ್ಯವಾಗಿ ಸಿಗುವ, ಸಾಲಿಗೆ ಹದಿನಾರು ಅಕ್ಷರದಂತೆ ಎರಡು ಸಾಲಿನ ಎಲ್‌ಸಿಡಿಯ ಬೆನ್ನಿಗೆ ತನ್ನದೇ ಒಂದು ಚಿಪ್ ಅಂಟಿಕೊಂಡಿರುತ್ತದೆ. ಹಿಟಾಚಿ ಕಂಪನಿಯ ಎಚ್‌ಡಿ44780, ಇಲ್ಲವೇ ಅದರ ಪಡಿಯಚ್ಚು. ವಿದ್ಯುತ್ ಬಂದೊಡನೆ ಇದು ಕಣ್ಣು ಬಿಡುತ್ತದೆ, ಆದರೆ ‘ಎರಡು ಸಾಲು ಬರಿ, ಅಕ್ಷರ ತೋರಿಸು’ ಎಂಬ ಆಜ್ಞೆ ಬರುವ ತನಕ ಮೇಲಿನ ಸಾಲನ್ನು ಕಪ್ಪಾಗಿಸಿಕೊಂಡು ಕಾಯುತ್ತದೆ. ಎಂದರೆ 5 ವೋಲ್ಟ್ ಬಂದಿದೆ, ಕಾಂಟ್ರಾಸ್ಟ್ ಸರಿಯಿದೆ, ಗಾಜು ಒಡೆದಿಲ್ಲ. ಆಜ್ಞೆ ಮಾತ್ರ ತಲುಪಿಲ್ಲ. ಅರ್ಧ ಯಂತ್ರ ಈಗಾಗಲೇ ಪರೀಕ್ಷೆಯಲ್ಲಿ ಪಾಸಾದ ಹಾಗೆ.

ಇನ್ನು ಹುಡುಕಬೇಕಾದದ್ದು ಉಳಿದ ಅರ್ಧದಲ್ಲಿ. ಮೊದಲ ಪ್ರಶ್ನೆ: ಆಜ್ಞೆ ಕೊಡಬೇಕಾದವನು ಎದ್ದಿದ್ದಾನೆಯೇ? ಡಿಸ್‌ಪ್ಲೇಯನ್ನು ಮರೆತು, ಮೈಕ್ರೋಕಂಟ್ರೋಲರಿಗೆ ಒಂದೇ ಒಂದು ಎಲ್‌ಇಡಿ ಕೊಟ್ಟು ಮಿಟುಕಿಸುವ ಪುಟ್ಟ ಪ್ರೋಗ್ರಾಂ ಹಾಕಿ. 1980ರಲ್ಲಿ ಇಂಟೆಲ್ ತಂದ, ನಮ್ಮ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಮಕ್ಕಳೆಲ್ಲ ಓದಿದ 8051 ಜಾತಿಯ ಚಿಪ್ ಆದರೆ, 5 ವೋಲ್ಟಿನಿಂದ 330 ಓಮ್ ರೆಸಿಸ್ಟರ್ ಮೂಲಕ ಎಲ್‌ಇಡಿಗೆ ಬಂದು ಅಲ್ಲಿಂದ ಪಿನ್ನಿಗೆ ಇಳಿಸಿ. ಪಿನ್ನು ಸೊನ್ನೆಯಾದಾಗ ದೀಪ ಹತ್ತುತ್ತದೆ. ಮಿಟುಕಲಿಲ್ಲವೋ, 31ನೆಯ ಪಿನ್ನು ನೋಡಿ. ಇಎ ಎಂಬ ಈ ಪಿನ್ನನ್ನು 5 ವೋಲ್ಟಿಗೆ ಸೇರಿಸದಿದ್ದರೆ ಚಿಪ್ಪು ತನ್ನೊಳಗಿನ ಪ್ರೋಗ್ರಾಂ ಬಿಟ್ಟು ಹೊರಗೆಲ್ಲೋ ಹುಡುಕುತ್ತ ಕೂರುತ್ತದೆ. ಆಮೇಲೆ 18 ಮತ್ತು 19ರ ಕ್ರಿಸ್ಟಲ್, 9ರ ರಿಸೆಟ್.

ಎಲ್‌ಇಡಿ ಮಿಟುಕಿತು, ಚೌಕ ಹಾಗೇ ಇವೆ ಎಂದಾದರೆ ಎಲ್‌ಸಿಡಿಯ 4, 5, 6ನೆಯ ಪಿನ್ನುಗಳ ಕಡೆ ಬನ್ನಿ. ಬರೆಯುವುದಷ್ಟೇ ಕೆಲಸವಾದರೆ 5ನೆಯದು ನೆಲಕ್ಕೆ, ಎಂದರೆ ಗ್ರೌಂಡಿಗೆ, ಸೇರಿರಬೇಕು. ಇದನ್ನು ಗಾಳಿಯಲ್ಲಿ ತೇಲಲು ಬಿಡುವ ಮಕ್ಕಳು ಬಹಳ. 6ನೆಯದು ‘ಈಗ ತೆಗೆದುಕೋ’ ಎಂದು ತಟ್ಟಿ ಹೇಳುವ ತಂತಿ. ಅದು ಸಡಿಲವಾದರೆ ಉಳಿದವೆಲ್ಲ ಇದ್ದೂ ಇಲ್ಲದಂತೆ. ತಂತಿಗಳೆಲ್ಲ ಸರಿಯಿದ್ದರೆ ಕಾರಣ ಅವಸರ. ವಿದ್ಯುತ್ ಬಂದ ಮೇಲೆ ಈ ಚಿಪ್ಪಿಗೆ ಮೈ ಕೊಡವಿಕೊಳ್ಳಲು ಕನಿಷ್ಠ 15 ಮಿಲಿಸೆಕೆಂಡ್ ಬೇಕು, 50 ಕೊಟ್ಟರೆ ನಿಶ್ಚಿಂತೆ. ಪರದೆ ಒರೆಸುವ ಆಜ್ಞೆಗೆ ಒಂದೂವರೆ ಮಿಲಿಸೆಕೆಂಡಿಗಿಂತ ತುಸು ಹೆಚ್ಚೇ ಬೇಕು. ಬೇರೆ ಚಿಪ್ಪಿಗೆ ಬರೆದ ಪ್ರೋಗ್ರಾಮನ್ನು ನಕಲು ಮಾಡಿ ವೇಗದ ಚಿಪ್ಪಿಗೆ ಹಾಕಿದಾಗ ಈ ಬಿಡುವು ಕುಗ್ಗಿಹೋಗುತ್ತದೆ.

ಪರದೆ ಪೂರ್ತಿ ಖಾಲಿ ಇದ್ದರೆ ಕಥೆ ಬೇರೆ. 3ನೆಯ ಪಿನ್ನಿಗೆ ಜೋಡಿಸಿದ 10 ಕಿಲೋ ಓಮಿನ ಪ್ರಿಸೆಟ್ಟನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿರುಗಿಸಿ. ಸಾಮಾನ್ಯ 5 ವೋಲ್ಟಿನ ಡಿಸ್‌ಪ್ಲೇಯಲ್ಲಿ ಆ ಪಿನ್ನಿನ ಮೇಲೆ ಅರ್ಧ ವೋಲ್ಟಿನ ಆಸುಪಾಸು ಇದ್ದಾಗ ಅಕ್ಷರ ಮೂಡುತ್ತವೆ. ಅಕ್ಷರ ಮೊದಲಿನಿಂದಲೂ ಅಲ್ಲೇ ಇದ್ದು, ಕಣ್ಣಿಗೆ ಕಾಣದೆ ಇದ್ದದ್ದೂ ಉಂಟು. ಆರ್ಡುಯಿನೋ ಬಳಸಿ, ಬೆನ್ನಿಗೆ ನಾಲ್ಕೇ ತಂತಿಯ ಐ2ಸಿ ಹಲಗೆ ಇರುವ ಡಿಸ್‌ಪ್ಲೇ ಕೊಂಡವರು ಪ್ರಿಸೆಟ್ ಜೊತೆಗೆ ವಿಳಾಸವನ್ನೂ ನೋಡಬೇಕು. ಹೆಕ್ಸ್ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ 27 ಅಥವಾ 3ಎಫ್. ಮನೆ ನಂಬರು ತಪ್ಪಿದರೆ ಕಾಗದ ತಲುಪುವುದಿಲ್ಲ, ಅಷ್ಟೇ.

ಮೂರನೆಯ ತೊಂದರೆ ಮಕ್ಕಳನ್ನು ಬೆಚ್ಚಿಬೀಳಿಸುತ್ತದೆ: ಇದ್ದಕ್ಕಿದ್ದಂತೆ ಜಪಾನಿ ಲಿಪಿ! ಈ ಚಿಪ್ಪು ಹುಟ್ಟಿದ್ದು ಜಪಾನಿನಲ್ಲಿ, ಅಕ್ಷರಪಟ್ಟಿಯ ಮೇಲಿನ ಅರ್ಧದಲ್ಲಿ ಅವರ ಕತಕಾನ ಲಿಪಿಯನ್ನು ಇಟ್ಟಿದ್ದಾರೆ. ‘1’ ಎಂಬ ಅಂಕಿಯ ಸಂಕೇತ 49. ಎಂಟೂ ದತ್ತಾಂಶ ತಂತಿ ಬಳಸಿದಾಗ ಕೊನೆಯ ತಂತಿ ಡಿ7ರ ಬೆಲೆ 128. ಡಿಸ್‌ಪ್ಲೇ ಸರಿಯಾಗಿ ಶುರುವಾದ ಮೇಲೆ ಆ ತಂತಿ ಕಳಚಿಕೊಂಡರೆ ಚಿಪ್ಪು ಅದನ್ನು ‘ಇದೆ’ ಎಂದೇ ಓದುತ್ತದೆ. 49ಕ್ಕೆ 128 ಸೇರಿ 177. ಆ ಮನೆಯಲ್ಲಿರುವುದು ಜಪಾನಿಯರ ‘ಅ’ ಕಾರ. ಯಾವ ತಂತಿ ಬಿಟ್ಟಿದೆ ಎಂಬುದನ್ನು ಕೂಡುವ ಲೆಕ್ಕದಿಂದಲೇ ಕಂಡುಹಿಡಿಯಬಹುದು, ಬೆಸುಗೆ ಮುಟ್ಟಬೇಕಾಗಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ದ್ವಿಮಾನ ಪದ್ಧತಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ನಾನು ಕಂಡಿಲ್ಲ. ನಾಲ್ಕೇ ತಂತಿಯ ಜೋಡಣೆಯಲ್ಲಾದರೆ ಒಂದು ಅಕ್ಷರ ಎರಡು ಕಂತಿನಲ್ಲಿ ಹೋಗುತ್ತದೆ. ನಡುವೆ ಒಂದು ಕಂತು ತಪ್ಪಿದರೆ ಅಲ್ಲಿಂದ ಮುಂದೆ ಎಲ್ಲವೂ ಕಲಸುಮೇಲೋಗರ.

ಈಗ ಕೀಪ್ಯಾಡಿಗೆ ಬರೋಣ. ನಮ್ಮ ನೆರೆಯ ದೂರವಾಣಿನಗರದ ಹೆಸರೇ ಹೇಳುವಂತೆ ಅದು ಟೆಲಿಫೋನಿನ ಊರು. 1948ರಲ್ಲಿ ಅಲ್ಲಿ ಆರಂಭವಾದ ಐಟಿಐ ಕಾರ್ಖಾನೆಯಲ್ಲಿ ದುಡಿದ ತಾತನೋ ದೊಡ್ಡಪ್ಪನೋ ಇರುವ ಮನೆಗಳು ಈ ಭಾಗದಲ್ಲಿ ಇಂದಿಗೂ ಅನೇಕ. ಅಟ್ಟದ ಮೇಲೆ ಹಳೆಯ ಗುಂಡಿ ಒತ್ತುವ ಫೋನು ಸಿಕ್ಕಿದರೆ ಬಿಸಾಡಬೇಡಿ. ಹನ್ನೆರಡು ಗುಂಡಿಗೆ ಹನ್ನೆರಡು ಜೊತೆ ತಂತಿ ಬೇಕಿಲ್ಲ. ನಾಲ್ಕು ಅಡ್ಡಸಾಲು, ಮೂರು ಕಂಬಸಾಲು, ಏಳೇ ತಂತಿ ಸಾಕು. ಟೋನ್ ಫೋನಿನಲ್ಲಿ ಪ್ರತಿ ಸಾಲಿಗೂ ಒಂದೊಂದು ಸ್ವರ. 5 ಒತ್ತಿದಾಗ ಅಡ್ಡಸಾಲಿನ 770 ಹರ್ಟ್ಸ್, ಕಂಬಸಾಲಿನ 1336 ಹರ್ಟ್ಸ್ ಒಟ್ಟಿಗೆ ಕೇಳಿಸುತ್ತವೆ. ಅಂಗಡಿಯಲ್ಲಿ ಸಿಗುವ ಹದಿನಾರು ಗುಂಡಿ, ಎಂಟು ತಂತಿಯ ಕೀಪ್ಯಾಡಿನದೂ ಇದೇ ತತ್ತ್ವ. ಸ್ವರದ ಬದಲು ಮೈಕ್ರೋಕಂಟ್ರೋಲರ್ ಒಂದೊಂದೇ ಅಡ್ಡಸಾಲನ್ನು ಸೊನ್ನೆ ಮಾಡಿ, ಯಾವ ಕಂಬಸಾಲು ಸೊನ್ನೆಯಾಯಿತು ಎಂದು ನೋಡುತ್ತ ಹೋಗುತ್ತದೆ.

ಇದು ಗೊತ್ತಿದ್ದರೆ ದೋಷ ತಾನಾಗಿಯೇ ವಿಳಾಸ ಹೇಳುತ್ತದೆ. 4, 5, 6, ಬಿ ನಾಲ್ಕೂ ಸತ್ತಿದ್ದರೆ ಕೆಟ್ಟಿರುವುದು ನಾಲ್ಕು ಗುಂಡಿಯಲ್ಲ, ಒಂದು ಅಡ್ಡಸಾಲಿನ ತಂತಿ. 5 ಒಂದೇ ಸತ್ತಿದ್ದರೆ ಗುಂಡಿಯದೇ ತಪ್ಪು. 2 ಒತ್ತಿದರೆ 4, 3 ಒತ್ತಿದರೆ 7 ಬಂದು, 1, 5, 9, ಡಿ ಮಾತ್ರ ಸರಿಯಾಗಿ ಬಂದರೆ ಅಡ್ಡಸಾಲು ಕಂಬಸಾಲು ಅದಲುಬದಲಾಗಿವೆ. ಕರ್ಣದ ಮೇಲಿನವು ಬದಲಾಗುವುದಿಲ್ಲ, ಕಾಗದದ ಮೇಲೆ ಬರೆದು ನೋಡಿ. ಯಾವ ತಂತಿ ಯಾವ ಸಾಲಿನದು ಎಂಬುದಕ್ಕೆ ಮಲ್ಟಿಮೀಟರಿನ ಬೀಪ್ ಇದೆ. 1 ಒತ್ತಿಹಿಡಿದಾಗ ಯಾವ ಎರಡು ತಂತಿ ಬೀಪ್ ಎನ್ನುತ್ತವೆ, 2 ಒತ್ತಿದಾಗ ಯಾವ ಎರಡು? ಎರಡರಲ್ಲೂ ಇರುವ ತಂತಿ ಮೊದಲ ಅಡ್ಡಸಾಲು.

ಒತ್ತದೆಯೇ ಅಂಕಿ ಬರುತ್ತಿದೆ, ಕೈ ಹತ್ತಿರ ತಂದರೆ ಸಾಕು ಪರದೆ ತುಂಬುತ್ತದೆ ಎಂಬ ದೂರೂ ಉಂಟು. ದೆವ್ವವಲ್ಲ. ಗುಂಡಿ ಬಿಟ್ಟಿರುವಾಗ ಕಂಬಸಾಲನ್ನು 5 ವೋಲ್ಟಿನಲ್ಲಿ ಎತ್ತಿಹಿಡಿಯುವ ಪುಲ್‌ಅಪ್ ರೆಸಿಸ್ಟರ್ ಇಲ್ಲ, ಅಷ್ಟೇ. 8051ರಲ್ಲಿ ಪೋರ್ಟ್ 1, 2, 3ಕ್ಕೆ ಇದು ಒಳಗೇ ಇದೆ, ಪೋರ್ಟ್ 0ಕ್ಕೆ ಇಲ್ಲ. ಅಲ್ಲಿ ಸಾಲಿಗೊಂದರಂತೆ 10 ಕಿಲೋ ಓಮ್ ಹೊರಗಿನಿಂದ ಕೊಡಬೇಕು. ಆರ್ಡುಯಿನೋದಲ್ಲಿ ಪ್ರೋಗ್ರಾಮಿನಲ್ಲೇ ಕೇಳಿ ಪಡೆಯಬಹುದು. ಒಮ್ಮೆ 7 ಒತ್ತಿದರೆ 777 ಬರುವುದು ಗುಂಡಿಯ ಲೋಹ ಕುಣಿಯುವುದರಿಂದ. ಸಂಪರ್ಕವಾಗುವಾಗ ಅದು ಕೆಲವು ಮಿಲಿಸೆಕೆಂಡ್ ಅದುರುತ್ತದೆ. ನಮಗೆ ಅದು ಕಣ್ಣೆವೆಗಿಂತ ಕಡಿಮೆ, 12 ಮೆಗಾಹರ್ಟ್ಸಿನ 8051ಕ್ಕೆ ಅಷ್ಟರಲ್ಲಿ ಸಾವಿರಾರು ಆಜ್ಞೆ ಮುಗಿದಿರುತ್ತವೆ. 20 ಮಿಲಿಸೆಕೆಂಡ್ ತಾಳಿ ಇನ್ನೊಮ್ಮೆ ನೋಡಿ, ಬೆರಳು ಎತ್ತುವ ತನಕ ಮುಂದಿನದನ್ನು ಓದಬೇಡ ಎಂದು ಪ್ರೋಗ್ರಾಮಿಗೆ ಹೇಳಿದರಾಯಿತು.

ನಾನು ಪಾಠ ಹೇಳುವ ಮಕ್ಕಳಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೀಗದ ಪ್ರಾಜೆಕ್ಟ್ ಮಾಡಿದ್ದಳು. ಸಂಖ್ಯೆ ಒತ್ತುವ ತನಕ ಎಲ್ಲ ಚೆನ್ನ. ಬೀಗ ತೆರೆದ ಕ್ಷಣ ಪರದೆ ಕೆಟ್ಟ ಅಕ್ಷರಗಳಿಂದ ತುಂಬುತ್ತಿತ್ತು. ಮನೆಯಲ್ಲಿ ಡಿಸ್‌ಪ್ಲೇ ಬದಲಿಸೋಣ ಎಂದರಂತೆ. ಅವಳು ಒಪ್ಪದೆ ಬೀಗದ ಸುರುಳಿಯ ಒಂದು ತಂತಿ ಬಿಚ್ಚಿ ಮತ್ತೆ ಸಂಖ್ಯೆ ಒತ್ತಿದಳು. ಅಕ್ಷರ ಕೆಡಲಿಲ್ಲ. “ಸಾರ್, ತಪ್ಪು ಮಾಡ್ತಿರೋದು ಬೀಗ, ಬೈಸ್ಕೊಳ್ತಿರೋದು ಡಿಸ್‌ಪ್ಲೇ” ಎಂದಳು. ಸರಿಯಾಗಿಯೇ ಹೇಳಿದಳು. ಸುರುಳಿ ಸೆಳೆಯುವಾಗ 5 ವೋಲ್ಟ್ ಕುಸಿಯುತ್ತದೆ, ಬಿಡುವಾಗ ಹಿಮ್ಮುಖ ಹೊಡೆತ ಕೊಡುತ್ತದೆ. ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡು, ಚಿಪ್ಪಿನ ಕಾಲ ಬಳಿ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಬೀಗಕ್ಕೆ ಬೇರೆ ವಿದ್ಯುತ್, ಆದರೆ ಎರಡರ ಗ್ರೌಂಡ್ ಒಂದೇ: ಇಷ್ಟರಲ್ಲಿ ಗುಣವಾಯಿತು. ಅವಳಿಗೆ ಬಹುಮಾನ ಬರಲಿಲ್ಲ. ತೀರ್ಪುಗಾರರ ಪ್ರಶ್ನೆಗಳಿಗೆ ಮಾತ್ರ ಅವಳೇ ನಿಂತು ಉತ್ತರ ಕೊಟ್ಟಳು.

ತಂದೆತಾಯಿಗಳಲ್ಲಿ ಒಂದು ಕೋರಿಕೆ. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲವೆಂದು ದೂರ ಸರಿಯಬೇಡಿ. ಪಕ್ಕದಲ್ಲಿ ಕುಳಿತು “ಈಗ ಯಾವುದನ್ನು ಬಿಚ್ಚಿದೆ? ಬಿಚ್ಚಿದ ಮೇಲೆ ಏನು ಬದಲಾಯಿತು?” ಎಂದು ಕೇಳಿದರೆ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ನೋಟುಪುಸ್ತಕದಲ್ಲಿ ಬರೆಸಿ. ಹತ್ತು ತಂತಿ ಒಟ್ಟಿಗೆ ಕಿತ್ತು ಹಾಕಿ ‘ಸರಿಹೋಯಿತು’ ಎಂದವನಿಗೆ ಏನು ಸರಿಹೋಯಿತೆಂದು ತಿಳಿದಿರುವುದಿಲ್ಲ. ಹೊಸ ಡಿಸ್‌ಪ್ಲೇಗೆ ಕೊಡುವ ಹಣವನ್ನು ಒಂದು ಸಾಧಾರಣ ಮಲ್ಟಿಮೀಟರಿಗೆ ಕೊಡಿ, ಹಲವು ಪ್ರದರ್ಶನಗಳಿಗೆ ಬರುತ್ತದೆ.

ಎಲ್ಲ ಸರಿಹೋದ ಮೇಲೂ ರಜೆ ಉಳಿದಿದ್ದರೆ ಇದನ್ನು ಮಾಡಿ ನೋಡಿ. ಆ ಚಿಪ್ಪಿನಲ್ಲಿ ಕನ್ನಡ ಇಲ್ಲ, ಆದರೆ ನಾವೇ ಬರೆದುಕೊಳ್ಳಲು ಎಂಟು ಖಾಲಿ ಮನೆ ಬಿಟ್ಟಿದ್ದಾರೆ. ಒಂದೊಂದರಲ್ಲೂ ಅಗಲಕ್ಕೆ ಐದು, ಎತ್ತರಕ್ಕೆ ಎಂಟು ಚುಕ್ಕಿ. ನಮ್ಮ ದುಂಡು ಅಕ್ಷರಕ್ಕೆ ಅದು ಇಕ್ಕಟ್ಟೇ. ‘ಹೊ’ಗೆ ಎರಡು ಮನೆ, ‘ರ’ಕ್ಕೆ ಒಂದು, ‘ಮಾ’ಗೆ ಎರಡು, ‘ವು’ಗೆ ಎರಡು. ಏಳು ಮನೆಯಲ್ಲಿ ‘ಹೊರಮಾವು’ ಬರೆದಾಗುತ್ತದೆ, ಇನ್ನೂ ಒಂದು ಉಳಿಯುತ್ತದೆ. ಮನೆ ಮನೆಯ ನಡುವೆ ಒಂದು ಸಣ್ಣ ಸಂದಿ ಬರುತ್ತದೆ, ಅದನ್ನು ಲೆಕ್ಕಕ್ಕಿಟ್ಟುಕೊಂಡು ಚೌಕಳಿ ಕಾಗದದ ಮೇಲೆ ಮೊದಲು ಪೆನ್ಸಿಲ್ಲಿನಲ್ಲಿ ತುಂಬಿಸಿ.