ಹೊಲದಿಂದ ಪೇಟೆಗೆ ಬೈಕ್ ಸವಾರಿ: ಲೋಡ್, ಲೈಟು, ಬ್ರೇಕ್ ಬಗ್ಗೆ ರೈತರು ತಿಳಿದಿರಬೇಕಾದ್ದು

ಈ ವಾರ ಬೆಳೆಯ ವಿಷಯ ಬಿಟ್ಟು ಬೈಕಿನ ವಿಷಯ ನೋಡೋಣ. ಕೃಷಿ ಲೇಖನದಲ್ಲಿ ಬೈಕ್ ಯಾಕೆ ಬಂತು ಅಂತ ಕೇಳಬಹುದು. ಮಳಗಿ ಕಡೆಯ ಯಾವ ರೈತರ ಮನೆಗೆ ಹೋದರೂ ಉತ್ತರ ಅಂಗಳದಲ್ಲೇ ನಿಂತಿರುತ್ತದೆ. ಗೊಬ್ಬರ ತರೋದು, ಡೇರಿಗೆ ಹಾಲು ಹಾಕೋದು, ಶುಂಠಿ ಗದ್ದೆಗೆ ಔಷಧಿ ಒಯ್ಯೋದು, ಶಿರಸಿಗೆ ಅಡಿಕೆ ದರ ವಿಚಾರಿಸಲು ಹೋಗೋದು, ಮುಂಡಗೋಡದ ಕಚೇರಿಗೆ ಪಹಣಿಗಾಗಿ ಓಡಾಡೋದು ಎಲ್ಲವೂ ಬೈಕಲ್ಲೇ. ಹೀಗಾಗಿ ಬೈಕ್ ಕೂಡ ನೇಗಿಲು, ಪಂಪ್‌ಸೆಟ್ಟಿನ ಹಾಗೆ ಒಂದು ಕೃಷಿ ಉಪಕರಣವೇ. ಆದರೆ ಸ್ಪ್ರೇ ಪಂಪಿನ ವಾಷರ್ ಬದಲಿಸುವಷ್ಟು ಕಾಳಜಿಯನ್ನು ನಾವು ಬೈಕಿನ ಬ್ರೇಕಿಗೆ ತೋರಿಸುವುದಿಲ್ಲ.

ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಮಂದಿ. ಇದರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದವರು. ಅದೇ ವರ್ಷ ಹೆಲ್ಮೆಟ್ ಹಾಕದೇ ಸತ್ತವರೇ 50,029. ಬೆಳೆ ಹೋದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ದುಡಿಯುವ ಆಳೇ ಹೋದರೆ ಆ ಮನೆಯ ಬೇಸಾಯವೇ ನಿಂತು ಹೋಗುತ್ತದೆ.

ನಮ್ಮ ರಸ್ತೆಯ ಸ್ವಭಾವ

ಮಳಗಿ ಇರುವುದು ಶಿರಸಿ–ಹುಬ್ಬಳ್ಳಿ ರಸ್ತೆಯ ಮೇಲೆ. ಇದೇ ದಾರಿಯಲ್ಲಿ ದೂರದ ಬಸ್ಸು, ಲಾರಿ, ಪ್ರವಾಸಿಗರ ಕಾರು ವೇಗವಾಗಿ ಬರುತ್ತವೆ. ಇದೇ ದಾರಿಗೆ ನಮ್ಮ ಹೊಲದ ಗಾಡಿದಾರಿಯೂ ಬಂದು ಸೇರುತ್ತದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಗದ್ದೆ. ದನ, ನಾಯಿ, ಹಂದಿ, ಜಿಂಕೆ ಯಾವಾಗ ಅಡ್ಡ ಬಂದೀತು ಹೇಳಲಾಗದು.

ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಬರುವಾಗ ಬೈಕನ್ನು ಪೂರ್ತಿ ನಿಲ್ಲಿಸಿ, ಒಂದು ಕಾಲು ಊರಿ, ಬಲ–ಎಡ–ಮತ್ತೆ ಬಲ ನೋಡಿ ಏರಬೇಕು. "ದಿನಾ ಓಡಾಡೋ ದಾರಿ ಬಿಡ್ರಿ" ಅನ್ನುವ ಮಾತೇ ಅಪಾಯ. ದಾರಿ ನಮಗೆ ಗೊತ್ತು, ಆದರೆ ಹುಬ್ಬಳ್ಳಿ ಕಡೆಯಿಂದ ಬರುವ ಡ್ರೈವರಿಗೆ ಅಲ್ಲೊಂದು ಹೊಲದ ದಾರಿ ಇದೆ ಅಂತಲೇ ಗೊತ್ತಿರುವುದಿಲ್ಲ. ರಸ್ತೆ ಬಿಟ್ಟು ಬಲಕ್ಕೆ ಹೊಲಕ್ಕೆ ತಿರುಗುವಾಗಲೂ ಹಾಗೇ. ಬಹಳ ಮೊದಲೇ ಇಂಡಿಕೇಟರ್ ಹಾಕಿ, ಕನ್ನಡಿಯಲ್ಲಿ ಹಿಂದೆ ನೋಡಿ. ಹಿಂದಿನಿಂದ ವೇಗದ ವಾಹನ ಬರುತ್ತಿದ್ದರೆ ಎಡಕ್ಕೆ ನಿಂತು ಅದು ಹೋದ ಮೇಲೆ ದಾಟಿ.

ಲೋಡ್ ಹಾಕುವಾಗ

100 ಸಿಸಿ ಬೈಕನ್ನು ಕಂಪನಿಯವರು ಮಾಡಿರುವುದು ಇಬ್ಬರು ಕೂರುವ ಲೆಕ್ಕದಲ್ಲಿ. ಒಂದು ಯೂರಿಯಾ ಚೀಲ 45 ಕೆ.ಜಿ., ಡಿಎಪಿ ಚೀಲ 50 ಕೆ.ಜಿ. ಇಬ್ಬರು ಕೂತು ನಡುವೆ ಒಂದು ಚೀಲ ಇಟ್ಟುಕೊಂಡರೆ ಮೂವರು ಕೂತಂತೆಯೇ ಆಯಿತು.

- ಚೀಲವನ್ನು ಪೆಟ್ರೋಲ್ ಟ್ಯಾಂಕ್ ಮೇಲೆ ಇಟ್ಟರೆ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ. ಗುಂಡಿ ತಪ್ಪಿಸಲು ಹೋದಾಗ ಹ್ಯಾಂಡಲ್ ಚೀಲಕ್ಕೆ ತಾಗಿ ಬೈಕ್ ನೇರ ಬೀಳುತ್ತದೆ.
- ಪೂರ್ತಿ ಹಿಂದೆ, ಕ್ಯಾರಿಯರ್ ತುದಿಗೆ ಕಟ್ಟಿದರೆ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ಅಲುಗಾಡುತ್ತದೆ. ಭಾರ ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ಹತ್ತಿರ, ಆದಷ್ಟು ಕೆಳಗೆ ಇರಬೇಕು.
- ಹಾಲಿನ ಕ್ಯಾನ್ ಒಂದೇ ಬದಿಗೆ ತೂಗಿದರೆ ಬೈಕ್ ಆ ಕಡೆಗೇ ಎಳೆಯುತ್ತದೆ. ಎರಡೂ ಬದಿಗೆ ಸಮವಾಗಿ ಹಂಚಿ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಾಡಿ ತಿರುವಿನಲ್ಲಿ ಬೈಕನ್ನು ಅಲ್ಲಾಡಿಸುತ್ತದೆ, ಅದು ನೆನಪಿರಲಿ.
- ಹುಲ್ಲಿನ ಹೊರೆ ಕಟ್ಟಿದಾಗ ಹಿಂದಿನ ಕೆಂಪು ದೀಪ, ಇಂಡಿಕೇಟರ್ ಮುಚ್ಚಿಹೋಗುತ್ತವೆ. ಹಿಂದಿನಿಂದ ಬರುವವನಿಗೆ ನೀವು ಕಾಣುವುದೇ ಇಲ್ಲ. ಹೊರೆ ಸಣ್ಣದು ಮಾಡಿ ಎರಡು ಸಲ ಹೋಗಿ. ಕತ್ತಲಾದ ಮೇಲಂತೂ ಹೊರೆ ತರಲೇಬೇಡಿ.
- ಕತ್ತಿ, ಕೊಡಲಿಯನ್ನು ಗೋಣಿಯಲ್ಲಿ ಸುತ್ತಿ ಕಟ್ಟಿ. ಪಿವಿಸಿ ಪೈಪನ್ನು ಅಡ್ಡಲಾಗಿ ಒಯ್ಯಬೇಡಿ.
- ಹಳೇ ಟ್ಯೂಬಿನ ಪಟ್ಟಿಯ ತುದಿ, ಹಗ್ಗದ ತುದಿ ಜೋತಾಡದಂತೆ ಸಿಕ್ಕಿಸಿ. ಅದು ಚೈನಿಗೆ ಸುತ್ತಿಕೊಂಡರೆ ಗಾಲಿ ಅಲ್ಲೇ ಲಾಕ್ ಆಗುತ್ತದೆ. ಹಿಂದೆ ಕೂತವರ ಸೀರೆ ಸೆರಗು, ವೇಲ್ ಕೂಡ ಹೀಗೇ.

ಲೋಡ್ ಇದ್ದ ದಿನ ಹಿಂದಿನ ಟೈರಿನ ಗಾಳಿ ಎಷ್ಟಿರಬೇಕು ಅನ್ನುವುದು ಕಂಪನಿಯ ಪುಸ್ತಕದಲ್ಲಿ ಅಥವಾ ಬೈಕಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ ಲೆಕ್ಕ ಇರುತ್ತದೆ.

ಔಷಧಿ ಸಿಂಪಡಿಸಿದ ದಿನ

ಈ ವಿಷಯ ಹೇಳುವವರು ಕಡಿಮೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು (ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಇತ್ಯಾದಿ) ಮೈಗೆ ಸೇರಿದರೆ ತಲೆಸುತ್ತು, ವಾಕರಿಕೆ ಬರುತ್ತದೆ. ಕಣ್ಣಿನ ಪಾಪೆ ಚಿಕ್ಕದಾಗಿ ದೃಷ್ಟಿ ಮಂಜಾಗುತ್ತದೆ. ಪಾಪೆ ಚಿಕ್ಕದಾದರೆ ಸಂಜೆಗತ್ತಲಲ್ಲಿ ಇನ್ನೂ ಕಡಿಮೆ ಕಾಣುತ್ತದೆ. ನಾವು ಸಿಂಪಡಿಸಿ ಮುಗಿಸಿ ಮನೆ ಕಡೆ ಹೊರಡುವುದು ಬಹಳ ಸಲ ಆ ಹೊತ್ತಿಗೇ. ಆದ್ದರಿಂದ ಸಿಂಪಡಣೆ ಮುಗಿದ ಮೇಲೆ ಸೋಪು ಹಚ್ಚಿ ಕೈ ಮುಖ ತೊಳೆದು, ಬಟ್ಟೆ ಬದಲಿಸಿ, ಸ್ವಲ್ಪ ಹೊತ್ತು ಕೂತು ಹೊರಡಿ. ತಲೆ ತಿರುಗಿದರೆ, ಬೆವರು ಜೊಲ್ಲು ಜಾಸ್ತಿಯಾದರೆ ಬೈಕ್ ಹತ್ತಲೇಬೇಡಿ. ಯಾರನ್ನಾದರೂ ಕರೆದು ಆಸ್ಪತ್ರೆಗೆ ಹೋಗಿ, ಬಾಟಲಿಯ ಲೇಬಲ್ ಜೊತೆಗಿರಲಿ.

ಪೇಟೆಯಿಂದ ಔಷಧಿ ತರುವಾಗಲೂ ಬಾಟಲಿಯನ್ನು ಅಂಗಿಯ ಒಳಗೆ, ಪ್ಯಾಂಟಿನ ಜೇಬಿನಲ್ಲಿ ಇಡಬೇಡಿ. ಬಿದ್ದು ಬಾಟಲಿ ಒಡೆದರೆ ಗಾಯದ ಮೇಲೆ ವಿಷ ಬೀಳುತ್ತದೆ. ದಿನಸಿ, ಮಕ್ಕಳ ತಿಂಡಿ ಇರುವ ಚೀಲದಲ್ಲೂ ಬೇಡ. ಮುಚ್ಚಳವಿರುವ ಬೇರೆ ಡಬ್ಬಿಯಲ್ಲಿಟ್ಟು ಗಟ್ಟಿ ಕಟ್ಟಿ ತನ್ನಿ.

ಬ್ರೇಕ್: ಮುಂದಿನದ್ದಕ್ಕೆ ಹೆದರಬೇಡಿ

"ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ" ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗಾಗಿ ಹಲವರು ಬರೀ ಕಾಲಿನ ಬ್ರೇಕ್ ಒತ್ತುತ್ತಾರೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಯನ್ನು ಎಷ್ಟು ಹಿಡಿದರೂ ಅದು ಜಾರುತ್ತದೆಯೇ ಹೊರತು ಬೈಕ್ ಬೇಗ ನಿಲ್ಲುವುದಿಲ್ಲ. ಬೈಕನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕೇ. ಬೈಕ್ ನೇರ ಇರುವಾಗ ಎರಡನ್ನೂ ಒಟ್ಟಿಗೆ, ಮುಂದಿನದನ್ನು ಮೊದಲು ಮೆಲ್ಲಗೆ ಆಮೇಲೆ ಬಿಗಿಯಾಗಿ ಒತ್ತಬೇಕು. ಒಮ್ಮೆಲೇ ಜಗ್ಗಬಾರದು. ತಿರುವಿನಲ್ಲಿ, ಜಲ್ಲಿ ಮೇಲೆ, ಕೆಸರಿನಲ್ಲಿ ಮುಂದಿನ ಬ್ರೇಕ್ ಗಟ್ಟಿ ಹಿಡಿಯಬಾರದು. ಅಂಥ ಜಾಗಕ್ಕೆ ಬರುವ ಮೊದಲೇ ವೇಗ ಇಳಿಸಬೇಕು.

2019ರ ಏಪ್ರಿಲ್ ನಂತರ ಬಂದ ಸಣ್ಣ ಬೈಕುಗಳಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಗಾಲಿಗೆ ಹಿಡಿಯುವ ಸಿಬಿಎಸ್ ಇರುತ್ತದೆ. 125 ಸಿಸಿಗಿಂತ ದೊಡ್ಡದಕ್ಕೆ ಗಾಲಿ ಲಾಕ್ ಆಗದಂತೆ ನೋಡುವ ಎಬಿಎಸ್ ಇದೆ. ಹಳೇ ಬೈಕಿನಲ್ಲಿ ಎರಡೂ ಇಲ್ಲ, ಎಲ್ಲ ನಿಮ್ಮ ಕೈಕಾಲಿನ ಮೇಲೆಯೇ. ಖಾಲಿ ಇರುವ ಮಟ್ಟಸ ಜಾಗದಲ್ಲಿ 20–30 ಕಿ.ಮೀ. ವೇಗದಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ ನೋಡ್ರಿ, ಹೆದರಿಕೆ ಹೋಗುತ್ತದೆ.

ರಾತ್ರಿ: ಲೈಟು ಎಷ್ಟು ದೂರವೋ ವೇಗ ಅಷ್ಟೇ

ಒಂದು ಸರಳ ಲೆಕ್ಕ. ಎದುರಿಗೆ ಏನೋ ಕಂಡು ಬ್ರೇಕಿಗೆ ಕೈ ಹೋಗಲು ಸುಮಾರು ಒಂದು ಸೆಕೆಂಡ್ ಬೇಕು. ಆಮೇಲೆ ಬೈಕ್ ನಿಲ್ಲಬೇಕು. ಒಣ ರಸ್ತೆ, ಒಳ್ಳೆ ಬ್ರೇಕ್ ಇದ್ದರೆ ಹೀಗಾಗುತ್ತದೆ:

- 40 ಕಿ.ಮೀ. ವೇಗದಲ್ಲಿ ಸುಮಾರು 23 ಮೀಟರ್
- 60 ಕಿ.ಮೀ. ವೇಗದಲ್ಲಿ ಸುಮಾರು 45 ಮೀಟರ್
- 80 ಕಿ.ಮೀ. ವೇಗದಲ್ಲಿ ಸುಮಾರು 70 ಮೀಟರ್

ರಸ್ತೆ ಒದ್ದೆ ಇದ್ದರೆ 60ರಲ್ಲಿ 60 ಮೀಟರ್ ದಾಟುತ್ತದೆ. ಇನ್ನು ನಿಮ್ಮ ಬೈಕಿನ ಡಿಮ್ ಲೈಟಿನಲ್ಲಿ ಎಷ್ಟು ದೂರ ಕಾಣುತ್ತದೆ? ಒಂದು ರಾತ್ರಿ ಖಾಲಿ ಬಯಲಿನಲ್ಲಿ ಲೈಟ್ ಹಚ್ಚಿ ನಿಲ್ಲಿಸಿ, ಒಬ್ಬರಿಗೆ ಕರೀ ಕಂಬಳಿ ಹೊದಿಸಿ ದೂರ ನಡೆಯಲು ಹೇಳಿ. ಕಾಣದಾದ ಜಾಗಕ್ಕೆ ಹೆಜ್ಜೆ ಎಣಿಸಿ. ಹಳೇ ಬೈಕುಗಳಲ್ಲಿ 30–40 ಹೆಜ್ಜೆಗೇ ಮುಗಿಯುವುದುಂಟು. ಅಂದರೆ ಆ ಬೈಕಿನಲ್ಲಿ ರಾತ್ರಿ 60ರಲ್ಲಿ ಹೋಗುವವರು ಕಾಣದ ಜಾಗಕ್ಕೆ ನುಗ್ಗುತ್ತಿದ್ದಾರೆ. ಎದುರಿಗೆ ಎಮ್ಮೆಯೋ ದೀಪವಿಲ್ಲದ ಟ್ರೇಲರೋ ನಿಂತಿದ್ದರೆ, ಕಂಡ ಮೇಲೆ ನಿಲ್ಲಿಸಲು ಜಾಗವೇ ಇರುವುದಿಲ್ಲ. ರಾತ್ರಿ 40ರ ಒಳಗೆ ಹೋಗಿ ಅನ್ನುವುದು ಇದೇ ಕಾರಣಕ್ಕೆ. ಎದುರಿನ ಲಾರಿ ಲೈಟ್ ಕಣ್ಣಿಗೆ ಹೊಡೆದರೆ ಅದನ್ನು ನೋಡದೆ ರಸ್ತೆಯ ಎಡ ಅಂಚು ನೋಡುತ್ತ ವೇಗ ಇಳಿಸಿ.

ಅಪಾಯ ಮಾಡುವವರೂ ನಾವೇ ಆಗಬಾರದು

ಇಲ್ಲಿ ಸ್ವಲ್ಪ ಖಾರವಾಗಿ ಹೇಳಬೇಕು. ಬೈಕಿನಲ್ಲಿ ಹೋಗುವ ರೈತನೇ ಮರುದಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ರಸ್ತೆ ಮೇಲೆ ಗೋವಿನಜೋಳ ಒಣಗಿಸುತ್ತಾನೆ.

ಡಾಂಬರಿನ ಮೇಲೆ ಹರಡಿದ ಕಾಳು ಬೈಕಿನ ಗಾಲಿಗೆ ಗೋಲಿ ಹಾಸಿದ ಹಾಗೆ. ಅದರ ಸುತ್ತ ಇಟ್ಟ ಕಲ್ಲುಗಳನ್ನು ರಾತ್ರಿ ಹಾಗೇ ಬಿಟ್ಟು ಹೋದರೆ ಯಾರದೋ ಮನೆಯ ಮಗ ಅಲ್ಲಿ ಬೀಳುತ್ತಾನೆ. ರಾಶಿಗೆ ಕಣ ಮಾಡಿಕೊಳ್ಳಿ, ತಾಡಪಾಲು ಬಳಸಿ. ಊರಿನ ಖಾಲಿ ಅಂಗಳವನ್ನು ನಾಲ್ಕು ಜನ ಸೇರಿ ಬಳಸಬಹುದು.

ಟ್ರೇಲರಿನ ಹಿಂದೆ ಎರಡೂ ಅಂಚಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಖರ್ಚು ಒಂದು ಚೀಲ ಗೊಬ್ಬರಕ್ಕಿಂತ ಕಡಿಮೆ. ಕೆಸರು ಮೆತ್ತಿದ್ದರೆ ರಸ್ತೆಗೆ ಬರುವ ಮೊದಲು ಒರೆಸಿ. ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಗಾಲಿಯ ಮಣ್ಣು ರಸ್ತೆಗೆ ಬಿದ್ದರೆ ಸಲಿಕೆಯಿಂದ ತೆಗೆಯಿರಿ, ಅದರ ಮೇಲೆ ಮಳೆ ಬಿದ್ದರೆ ಬೆಣ್ಣೆ ಸವರಿದಂತೆ. ಟ್ರೇಲರ್ ಕೆಟ್ಟು ನಿಂತರೆ ರಸ್ತೆ ಬಿಟ್ಟು ಕೆಳಗಿಳಿಸಿ. ಆಗದಿದ್ದರೆ ಹಿಂದೆ ದೂರದಲ್ಲೇ ಸೊಪ್ಪಿನ ಟೊಂಗೆ ಇಟ್ಟು, ಟಾರ್ಚ್ ಹಿಡಿದು ಒಬ್ಬರು ನಿಲ್ಲಬೇಕು. ಸಂಜೆ ದನಗಳನ್ನು ಕೊಟ್ಟಿಗೆಗೆ ಕಟ್ಟುವುದೂ ಇದೇ ಲೆಕ್ಕಕ್ಕೆ ಸೇರಿತು.

ಕಾಡುಪ್ರಾಣಿ ಮತ್ತು ಮಳೆ

ಒಂದು ಜಿಂಕೆ ದಾಟಿತು ಅಂದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಅಂತ ತಿಳಿಯಿರಿ. ಹಂದಿಯದ್ದೂ ಹಿಂಡು. ಅಡ್ಡ ಬಂದಾಗ ಹ್ಯಾಂಡಲ್ ಒಮ್ಮೆಲೇ ಎಳೆದು ಎದುರಿನ ಲಾರಿಗೆ ಹೋಗಬೇಡಿ, ನೇರವಾಗಿ ಬ್ರೇಕ್ ಹಿಡಿಯಿರಿ. ಭತ್ತ ತೆನೆಗಟ್ಟುವ ಕಾಲಕ್ಕೆ ಹಳಿಯಾಳ, ಮುಂಡಗೋಡ ಕಡೆ ಆನೆ ಬರುವುದುಂಟು. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ ಹಿಂದಕ್ಕೆ ಹೋಗಿ. ಹಾರ್ನ್, ಮೊಬೈಲ್ ಫೋಟೊ ಬೇಡ.

ಮಳೆಗಾಲದ ಮೊದಲ ಮಳೆಯೇ ಹೆಚ್ಚು ಜಾರುವುದು, ರಸ್ತೆಯ ಎಣ್ಣೆ, ಧೂಳು ಆಗಷ್ಟೇ ತೇಲಿ ಬಂದಿರುತ್ತದೆ. ನೀರು ನಿಂತ ಜಾಗದಲ್ಲಿ ಗುಂಡಿ ಇದೆ ಅಂತಲೇ ಲೆಕ್ಕ ಹಾಕಿ. ಹಿಂದೆ ಕೂತವರು ಛತ್ರಿ ಬಿಚ್ಚುವುದು ಬೇಡ, ಗಾಳಿ ಹೊಡೆದರೆ ಇಬ್ಬರನ್ನೂ ಎಳೆದು ಹಾಕುತ್ತದೆ. ರೇನ್‌ಕೋಟ್ ಹಳದಿ ಅಥವಾ ಕೇಸರಿ ಬಣ್ಣದ್ದಿರಲಿ, ಕಪ್ಪು ಬೇಡ.

ಹೆಲ್ಮೆಟ್

ಪೊಲೀಸರು ಕಾಣುವ ತಿರುವಿನಲ್ಲಿ ಹಾಕಿ, ಊರು ಬಂದ ಕೂಡಲೇ ತೆಗೆದು ಹ್ಯಾಂಡಲಿಗೆ ತೂಗುಹಾಕುವ ಹೆಲ್ಮೆಟ್ ತಲೆ ಕಾಯುವುದಿಲ್ಲ. ಐಎಸ್‌ಐ ಗುರುತಿರುವುದನ್ನೇ ಕೊಳ್ಳಿ. ಗದ್ದದ ಪಟ್ಟಿ ಬಿಗಿಯದಿದ್ದರೆ ಬೀಳುವ ಮೊದಲೇ ಅದು ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದದ್ದನ್ನು ಮತ್ತೆ ಬಳಸಬೇಡಿ, ಒಳಗಿನ ಥರ್ಮೋಕೋಲ್ ಒಮ್ಮೆ ಒತ್ತಿಹೋದರೆ ಮತ್ತೆ ಕೆಲಸ ಮಾಡದು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಹೆಂಡತಿ, ಮಗಳು, ಅವ್ವನ ತಲೆ ನಮ್ಮದಕ್ಕಿಂತ ಗಟ್ಟಿಯೇನಲ್ಲ.

ಲೈಸೆನ್ಸ್ ಇಲ್ಲದ ಮಕ್ಕಳಿಗೆ "ಡೇರಿಗೆ ಹಾಲು ಹಾಕಿ ಬಾ" ಅಂತ ಬೈಕ್ ಕೊಡಬೇಡಿ. 2019ರ ತಿದ್ದುಪಡಿಯ ನಂತರ ಪಾಲಕರಿಗೇ 25,000 ರೂ. ದಂಡ, 3 ವರ್ಷದವರೆಗೆ ಜೈಲು ಆಗಬಹುದು.

ಅಪಘಾತ ಆದರೆ

108 ಅಥವಾ 112ಕ್ಕೆ ಫೋನ್ ಮಾಡಿ. ಹತ್ತಿರದ ಕಿಲೋಮೀಟರ್ ಕಲ್ಲು, ಬಸ್‌ಸ್ಟಾಪ್ ಹೆಸರು ಹೇಳಿ. ಕಾಡಿನ ನಡುವೆ ನೆಟ್‌ವರ್ಕ್ ಸಿಗದಿದ್ದರೆ ಹೋಗುವ ಬಸ್ ನಿಲ್ಲಿಸಿ ಸುದ್ದಿ ಕಳಿಸಿ. ರಕ್ತ ಸುರಿಯುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರುವ ಅನುಮಾನ ಇದ್ದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಜಗ್ಗಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ನೆರವು ಕೊಟ್ಟವರನ್ನು ಕೇಸಿಗೆ ಎಳೆಯುತ್ತಾರೆ ಅನ್ನುವ ಭಯ ಬೇಡ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ, 7 ದಿನದವರೆಗೆ 1.5 ಲಕ್ಷ ರೂ. ತನಕ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಇದನ್ನು ಕೇಳಿ ಪಡೆಯಿರಿ.

ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ತೆಗೆದು ನೋಡಿ. ಥರ್ಡ್ ಪಾರ್ಟಿ ವಿಮೆ ಎದುರಿನವರಿಗೆ ಮಾತ್ರ. ಓಡಿಸುವ ಮಾಲೀಕನಿಗೆ 15 ಲಕ್ಷ ರೂ.ಗಳ ವೈಯಕ್ತಿಕ ಅಪಘಾತ ವಿಮೆ ಬೇರೆಯಾಗಿ ಇರಬೇಕು. ಲೈಸೆನ್ಸ್ ಇಲ್ಲದಿದ್ದರೆ, ಕುಡಿದು ಓಡಿಸಿದ್ದರೆ ಆ ಹಣ ಮನೆಯವರ ಕೈಗೆ ಬರುವುದಿಲ್ಲ.

ಹೊರಡುವ ಮೊದಲು ಎರಡು ನಿಮಿಷ

1. ಎರಡೂ ಟೈರ್ ಒತ್ತಿ ನೋಡಿ, ಗೀರು ಸವೆದಿದ್ದರೆ ಮಳೆಗೆ ಮೊದಲೇ ಬದಲಿಸಿ.
2. ಎರಡೂ ಬ್ರೇಕ್ ಹಿಡಿದು ನೋಡಿ.
3. ಮುಂದಿನ ಲೈಟು, ಹಿಂದಿನ ಕೆಂಪು ದೀಪ, ಇಂಡಿಕೇಟರ್ ಒರೆಸಿ, ಹಚ್ಚಿ ನೋಡಿ.
4. ಲೋಡ್ ಅಲುಗಾಡಿಸಿ ನೋಡಿ, ಹಗ್ಗದ ತುದಿ ಸಿಕ್ಕಿಸಿ.
5. ಸೈಡ್ ಸ್ಟ್ಯಾಂಡ್ ಎತ್ತಿದ್ದೀರಾ ನೋಡಿ.
6. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಿರಿ, ಆಮೇಲೆ ಕೀ ತಿರುಗಿಸಿ.

ಸುಗ್ಗಿಯಲ್ಲಿ ಗಡಿಬಿಡಿ ಇದ್ದದ್ದೇ. ಆದರೂ ಮಳಗಿಯಿಂದ ಮುಂಡಗೋಡಕ್ಕೆ 60ರ ಬದಲು 40ರಲ್ಲಿ ಹೋದರೆ ತಡವಾಗುವುದು ಕೆಲವೇ ನಿಮಿಷ. ಅಷ್ಟು ಹೊತ್ತು ಅಂಗಡಿಯೂ ಕಾಯುತ್ತದೆ, ಡೇರಿಯವರೂ ಕಾಯುತ್ತಾರೆ.